ಚಪ್ಪಲಿ ಬಿಟ್ಟ ಜಾಗ

ಹೋದ ವಾರ ನಮ್ಮ ಸೈಟಿಗೆ ಒಂದು ಲೋಡು ಜಲ್ಲಿ ಬಂತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲು ಮುಗಿದ ಮೇಲೆ ಸಿಗುವ ಹೊಸ ಬಡಾವಣೆಯಲ್ಲಿ ನಾವೊಂದು ಮನೆ ಕಟ್ಟಿಸುತ್ತಿದ್ದೇವೆ. ಟಿಪ್ಪರ್ ಬೆನ್ನೆತ್ತಿ ಸುರಿದ ಕೂಡಲೇ ಬಿಳಿ ಧೂಳು ಎದ್ದಿತು. ಪಕ್ಕದ ಮನೆಯವರು ಬೈದಾರೆಂದು ಮೇಸ್ತ್ರಿ ಪೈಪು ಹಿಡಿದು ರಾಶಿಗೆ ನೀರು ಬಿಟ್ಟ. ಕಲ್ಲಿನ ಪುಡಿಗೆ ನೀರು ಬಿದ್ದಾಗ ಒಂದು ವಾಸನೆ ಬರುತ್ತದಲ್ಲ, ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ, ತಣ್ಣಗೆ ಮೂಗಿಗೆ ಹೋಗಿ ಗಂಟಲಲ್ಲಿ ಕೂರುವಂಥದ್ದು, ಅದು ಬಂತು. ನಾನು ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ.

"ಮೇಡಂ, ಚೀಟಿಗೆ ಒಂದು ಸೈನು" ಎಂದು ಡ್ರೈವರ್ ಬಂದು ನಿಂತ. ಮುಖ ನೋಡಿದರೆ ಗುರುತಿನವನು. ಅವನಿಗೂ ನನ್ನ ಗುರುತು ಸಿಕ್ಕಿತು. "ಓ, ನೀವಾ? ನಮ್ಮೂರ ಕಲ್ಲೇ ಮೇಡಂ ಇದು. ಗಟ್ಟಿ ಐತೆ" ಎಂದ. ಒಂದು ನಿಮಿಷ ತಡಿಯಪ್ಪ ಎಂದೆ. ಒಂದು ನಿಮಿಷದಲ್ಲಿ ಮುಗಿಯುವ ನೆನಪಲ್ಲ ಅದು.

ಊರಿನ ಹೆಸರು ಬೇಡ. ತಳಕಿನಿಂದ ಮೊಳಕಾಲ್ಮೂರಿನ ಕಡೆ ಹೋಗುವಾಗ ಎಲ್ಲೋ ಒಂದು ಕಡೆ ಒಳಕ್ಕೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು. ಮೂರು ವರ್ಷದ ಹಿಂದೆ ನಾನು ಅಲ್ಲಿಗೆ ಗ್ರಾಮ ಲೆಕ್ಕಾಧಿಕಾರಿಯಾಗಿ ಹೋದೆ. ಸರ್ಕಾರ ಆ ಹುದ್ದೆಗೆ ಉದ್ದನೆಯ ಹೊಸ ಹೆಸರು ಕೊಟ್ಟಿದೆ, ಜನ ಮಾತ್ರ ಇನ್ನೂ ಶಾನುಭೋಗರಮ್ಮ ಎಂದೇ ಕರೆಯುತ್ತಾರೆ. ನಾನು ಹುಟ್ಟಿ ಬೆಳೆದದ್ದು ಶೇಂಗಾ ವ್ಯಾಪಾರದ ಮನೆ. ಹಳ್ಳಿ ಎಂದರೆ ನನಗೆ ನಮ್ಮ ಮಿಲ್ಲಿನ ಮುಂದೆ ಮೂಟೆ ಇಳಿಸಲು ನಿಲ್ಲುತ್ತಿದ್ದ ಗಾಡಿಗಳಷ್ಟೇ. ಹೋಗುವ ಮೊದಲೇ ಎಲ್ಲ ಗೊತ್ತೆಂಬ ಜಂಬ ಬೇರೆ ಇತ್ತು.

ಊರು ಎಂದರೆ ಎರಡು. ಕೆಳಗೆ ಊರು, ಹೆಚ್ಚಿನವು ಲಿಂಗಾಯತರ ಮನೆಗಳು. ಗುಡ್ಡದ ಬುಡದಲ್ಲಿ ಹಟ್ಟಿ, ಅದು ದನ ಸಾಕುವ ಮ್ಯಾಸಬೇಡರದ್ದು. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನಡುವೆ ಒಂದು ಹಳ್ಳ. ಯಾವ ಕಾಲದಲ್ಲಿ ಯಾರು ಗೆರೆ ಎಳೆದರೋ, ಗುಡ್ಡ ಮತ್ತು ಊರು ಒಂದು ಪಂಚಾಯಿತಿಗೆ, ಹಟ್ಟಿ ಇನ್ನೊಂದು ಪಂಚಾಯಿತಿಗೆ. ಗುಡ್ಡದ ನೆರಳು ಹಟ್ಟಿಯ ಮೇಲೆ ಬೀಳುತ್ತದೆ, ಗುಡ್ಡದ ಕಾಗದ ಊರಲ್ಲಿರುತ್ತದೆ. ಆಗ ಅದೊಂದು ತಮಾಷೆಯ ಮಾತಾಗಿತ್ತು.

ಹಟ್ಟಿಯವರು ದೇವರಿಗೆ ಬಿಟ್ಟ ದನಗಳ ಹಿಂಡೊಂದನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದರು. ಅವನ್ನು ದೇವರ ಎತ್ತು ಎನ್ನುತ್ತಾರೆ. ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡಬೇಕು. ಅವನ್ನು ಕಾಯುವವನು ಕಿಲಾರಿ. ನಾನು ಹೋದಾಗ ಕಿಲಾರಿಯಾಗಿದ್ದವನು ಪಾಲಯ್ಯ, ಅರವತ್ತರ ಆಸುಪಾಸು, ಬರಿಗಾಲು, ಹೆಗಲಿಗೆ ಕಂಬಳಿ. ದನಗಳು ಇರುವುದಕ್ಕೆ ಗುಡ್ಡದ ಇಳಿಜಾರಿನಲ್ಲಿ ಒಂದು ರೊಪ್ಪ. ರೊಪ್ಪ ಎಂದರೆ ಏನೂ ಇಲ್ಲ, ಮುಳ್ಳಿನ ಬೇಲಿ ಹಾಕಿದ ಒಂದು ದುಂಡನೆಯ ಬಯಲು, ನಡುವೆ ಒಂದು ಬೇವಿನ ಮರ. ಗೋಡೆಯಿಲ್ಲ, ಗೋಪುರವಿಲ್ಲ, ಗಂಟೆಯೂ ಇಲ್ಲ.

ಆ ದನಗಳಿಗೂ ಕೆಳಗಿನ ಊರಿಗೂ ಒಂದು ನಂಟಿತ್ತು. ಊರಿನ ತಿಪ್ಪೇಸ್ವಾಮಣ್ಣನ ಮನೆಯವರು ಸಜ್ಜೆ ಕೊಯ್ದ ಮೇಲೆ ಮೊದಲ ಗಾಡಿ ಮೇವನ್ನು ರೊಪ್ಪಕ್ಕೆ ಕಳಿಸಬೇಕು, ಆಮೇಲೆಯೇ ಅವರ ಮನೆಯ ಬಣವೆ. ಅವರಲ್ಲಿ ಎರಡು ಟ್ರ್ಯಾಕ್ಟರ್ ಇದ್ದರೂ ಆ ಮೇವು ಮಾತ್ರ ಎತ್ತಿನ ಗಾಡಿಯಲ್ಲೇ ಹೋಗುತ್ತಿತ್ತು. ತಿಪ್ಪೇಸ್ವಾಮಣ್ಣ ಪಂಚಾಯಿತಿ ಮೆಂಬರು, ಹಣೆತುಂಬ ವಿಭೂತಿ, ದೊಡ್ಡ ಗಂಟಲು. "ನಮ್ಮಜ್ಜನ ಕಾಲ್ದಿಂದ ನಡೆದು ಬಂದೈತೆ ಮೇಡಂ, ಯಾಕೆ ಅಂತ ನಮ್ಗೂ ಗೊತ್ತಿಲ್ಲ. ತಪ್ಪಿಸಾಕೆ ಮನಸು ಬರಲ್ಲ" ಎಂದು ಒಮ್ಮೆ ನಕ್ಕು ಹೇಳಿದ್ದರು.

ಶಿವರಾತ್ರಿ ಕಳೆದ ಮೇಲೆ ನನಗೊಂದು ಕಾಗದ ಬಂತು. ಗುಡ್ಡದ ಗೋಮಾಳದಲ್ಲಿ ಕಲ್ಲು ಗಣಿಗೆ ಗುತ್ತಿಗೆ ಕೇಳಿದ್ದಾರೆ, ಸ್ಥಳ ನೋಡಿ ವರದಿ ಕೊಡಿ. ಜೊತೆಗೊಂದು ನಮೂನೆ. ದೇವಸ್ಥಾನ, ಮಸೀದಿ, ಸ್ಮಶಾನ, ಶಾಲೆ, ಮನೆ, ಕೆರೆ, ಕರೆಂಟ್ ಕಂಬ, ಒಂದೊಂದಕ್ಕೂ ಒಂದೊಂದು ಕಲಂ. ಇದೆ ಅಥವಾ ಇಲ್ಲ, ಇದ್ದರೆ ಎಷ್ಟು ದೂರ.

ಗ್ರಾಮ ಸಹಾಯಕ ಮಾರಣ್ಣನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಉರಿ ಬಿಸಿಲು. ನನ್ನ ಪುಣ್ಯಕ್ಕೆ ಬೇವಿನ ಮರ ಕಾಣಿಸಿತು, ನೆರಳಿಗೆ ಓಡಿದೆ. ಬೇಲಿ ಅಲ್ಲಲ್ಲಿ ಬಿದ್ದಿತ್ತು, ಒಳಗೆ ಒಂದು ದನವೂ ಇರಲಿಲ್ಲ. ಇನ್ನೇನು ಕಾಲಿಡಬೇಕು, ಮಾರಣ್ಣ ಮೆಲ್ಲಗೆ, "ಮೇಡಂ, ಚಪ್ಲಿ ಬಿಡ್ರಿ" ಎಂದ.

"ಯಾಕೆ ಮಾರಣ್ಣ? ನೆಲ ಕಾದ ಹಂಚಾಗಿದೆ."

"ದೇವ್ರ ಎತ್ತಿನ ರೊಪ್ಪ ರೀ ಇದು."

"ಎತ್ತೇ ಇಲ್ವಲ್ಲ?"

"ಬ್ಯಾಸಿಗೇಲಿ ಇಲ್ಲಿ ಮೇವು ಎಲ್ಲೈತ್ರಿ? ಪಾಲಯ್ಯ ಮೊಳಕಾಲ್ಮೂರು ಕಡೆ ಹೊಡ್ಕೊಂಡು ಹೋಗ್ಯಾನೆ, ಗಂಡಸ್ರೂ ಅರ್ಧಕ್ಕರ್ಧ ಜನ ಹಿಂದೇನೇ ಹೋಗ್ಯಾರೆ. ಮಳೆ ಬಿದ್ಮೇಲೆ ಬರ್ತಾರೆ. ಎತ್ತು ಇರ್ಲಿ ಬಿಡ್ಲಿ, ನಾವು ಚಪ್ಲಿ ಹಾಕ್ಕೊಂಡು ತುಳಿಯಾಂಗಿಲ್ಲ. ಆ ಮೂಲೇಲಿ ಸತ್ತ ಎತ್ತುಗಳ್ನ ಮಣ್ಣು ಮಾಡ್ಯಾರೆ, ಕಲ್ಲು ಕಾಣ್ತಾವೆ ನೋಡ್ರಿ."

ಚಪ್ಪಲಿ ಬಿಟ್ಟೆ. ಅಂಗಾಲು ಸುಟ್ಟು ಕುಣಿಯುತ್ತಾ ಮರದ ಬುಡ ಸೇರಿದೆ, ಮಾರಣ್ಣ ನಕ್ಕ, ನಾನೂ ನಕ್ಕೆ. ಗುಡಿಸಿಟ್ಟ ಅಂಗಳದ ಹಾಗೆ ಇತ್ತು ಆ ನೆಲ. ಒಣಗಿದ ಸಗಣಿಯ ತಿಳಿ ವಾಸನೆ, ಬೇವಿನ ಹೂವಿನ ಕಂಪು. ಅಲ್ಲೇ ಕೂತು ನಮೂನೆ ತೆಗೆದೆ. ದೇವಸ್ಥಾನದ ಕಲಂ ಬಂದಾಗ ಪೆನ್ನು ನಿಂತಿತು. ಮೇಲಿನ ಸಾಹೇಬರಿಗೆ ಫೋನ್ ಮಾಡಿದೆ.

"ಕಟ್ಟಡ ಇದೆಯೇನಮ್ಮ?" ಎಂದರು.

"ಕಟ್ಟಡ ಇಲ್ಲ ಸರ್. ಬೇಲಿ ಇದೆ, ದೇವರ ದನ ಕೂಡೋ ಜಾಗ."

"ದನ ಇದಾವಾ?"

"ಈಗ ಇಲ್ಲ ಸರ್."

"ಕಟ್ಟಡ ಇಲ್ಲ, ದನ ಇಲ್ಲ. ಇಲ್ಲ ಅಂತ ಬರೀರಿ. ಸ್ಮಶಾನದ ಕಲಂ ಮನುಷ್ಯರದ್ದು, ಅದರಲ್ಲೂ ಇಲ್ಲ ಅಂತ ಬರೀರಿ. ನಿಯಮದಲ್ಲಿ ಇಲ್ಲದ್ದನ್ನೆಲ್ಲ ನೀವು ಸೇರಿಸೋಕೆ ಹೋಗಬೇಡಿ."

ಬರೆದೆ. ಚಪ್ಪಲಿ ಬಿಟ್ಟು ಕೂತವಳು ನಾನೇ, ಅಲ್ಲಿ ಏನೂ ಇಲ್ಲ ಎಂದು ಬರೆದವಳೂ ನಾನೇ. ಅಕ್ಷರ ಮಾತ್ರ ಮುತ್ತಿನ ಹಾಗಿತ್ತು, ಸಾಹೇಬರು ಹೊಗಳಿದರು.

ಆಮೇಲೆ ಎಲ್ಲವೂ ಕಾನೂನಿನಂತೆಯೇ ನಡೆಯಿತು. ಆಕ್ಷೇಪಣೆ ಇದ್ದವರು ತಿಳಿಸಿ ಎಂಬ ನೋಟಿಸನ್ನು ಊರ ಪಂಚಾಯಿತಿಯ ಬೋರ್ಡಿಗೆ ಅಂಟಿಸಿದರು. ಹಟ್ಟಿಯ ಜನ ಆ ಪಂಚಾಯಿತಿಯವರಲ್ಲ, ಗಂಡಸರು ಊರಲ್ಲೇ ಇಲ್ಲ. ಒಬ್ಬರೂ ಆಕ್ಷೇಪಿಸಲಿಲ್ಲ. ಗಣಿ ಬಂದರೆ ಅದರ ನಿಧಿಯಿಂದ ಆ ಪಂಚಾಯಿತಿಗೆ ರಸ್ತೆ, ಶಾಲೆಗೆ ಕೋಣೆ, ಹುಡುಗರಿಗೆ ಕೆಲಸ ಎಂದು ಸಭೆಯಲ್ಲಿ ಓದಿ ಹೇಳಿದರು. ಎಲ್ಲರ ಮುಖ ಅರಳಿತು, ತಪ್ಪೇನಿಲ್ಲ. ಆ ಊರಿನ ರಸ್ತೆಯಲ್ಲಿ ಬಸುರಿಯರನ್ನು ಕರೆದೊಯ್ಯುವುದು ಎಂದರೆ ಏನೆಂದು ನಾನೂ ನೋಡಿದ್ದೆ. ಒಪ್ಪಿಗೆಯ ಠರಾವಿಗೆ ಸಹಿ ಮಾಡುವ ಮೊದಲು ತಿಪ್ಪೇಸ್ವಾಮಣ್ಣ ಮಾತ್ರ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಮೇಡಂ, ರೊಪ್ಪ ಬಿಟ್ಟು ತಾನೆ ಅಳತೆ ಆಗಿರೋದು?"

ರೊಪ್ಪವೂ ಅಳತೆಯೊಳಗೇ ಇದೆಯೆಂದು ನನಗೆ ಗೊತ್ತಿತ್ತು. "ಅದನ್ನೆಲ್ಲ ಮೇಲಿನವರು ನೋಡ್ಕೊಳ್ತಾರೆ ಅಣ್ಣಾ" ಎಂದೆ. ಶಾನುಭೋಗರಮ್ಮ ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಅವರು ಸಹಿ ಹಾಕಿದರು.

ಆ ವರ್ಷ ಮುಂಗಾರಿನ ಮೊದಲ ಹದಮಳೆ ಬೇಗನೆ ಬಿತ್ತು. ಎಲ್ಲ ಶೇಂಗಾ ಬೀಜ ಸುಲಿಯುವ ಗಡಿಬಿಡಿಯಲ್ಲಿದ್ದಾಗ ದೇವರ ಎತ್ತುಗಳು ಮರಳಿ ಬಂದವು. ಮುಂದೆ ಪಾಲಯ್ಯ, ಹಿಂದೆ ಹಿಂಡು, ಅದರ ಹಿಂದೆ ಹಟ್ಟಿಯ ಗಂಡಸರು. ಗುಡ್ಡದ ಇಳಿಜಾರಿಗೆ ಬಂದು ನೋಡಿದರೆ ಬೇಲಿ ಇಲ್ಲ, ಮರ ಇಲ್ಲ. ಜೆಸಿಬಿ ಎಲ್ಲವನ್ನೂ ಒಂದು ಬದಿಗೆ ನೂಕಿತ್ತು. ಬಿಳಿ ಬಣ್ಣದ ಗಡಿಕಲ್ಲುಗಳು, ಒಂದು ಬೋರ್ಡು: ಅನುಮತಿ ಇಲ್ಲದೆ ಪ್ರವೇಶವಿಲ್ಲ. ದನಗಳು ಎಂದಿನಂತೆ ಬಾಗಿಲಿದ್ದ ಕಡೆ ಬಂದು ಸಾಲಾಗಿ ನಿಂತವಂತೆ. ಅಡ್ಡಲಾಗಿ ಏನೂ ಇಲ್ಲದಿದ್ದರೂ ಒಳಗೆ ಹೋಗಲಿಲ್ಲವಂತೆ, ಪಾಲಯ್ಯ ಬಾಗಿಲು ತೆಗೆಯಲಿ ಎಂದು ಕಾಯುತ್ತಿದ್ದವು. ಮಾರಣ್ಣ ಇದನ್ನು ನನಗೆ ಹೇಳುವಾಗ ಕಣ್ಣೊರೆಸಿಕೊಂಡ.

ಮರುದಿನ ಪಾಲಯ್ಯ ನನ್ನ ಕಚೇರಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಮ್ಮಾ, ಕಾಗದದಾಗೆ ಏನೈತೆ ಅಂತ ಓದಿ ಹೇಳ್ರಿ."

ನನ್ನದೇ ಅಕ್ಷರವನ್ನು ಅವನಿಗೆ ಓದಿ ಹೇಳಿದೆ. ದೇವಸ್ಥಾನ ಇಲ್ಲ. ಸ್ಮಶಾನ ಇಲ್ಲ. ಜಮೀನು ಯಾರ ಉಪಯೋಗದಲ್ಲೂ ಇಲ್ಲ. ಕೊನೆಗೆ ನನ್ನ ಸಹಿ ಇದೆ ಎಂಬುದನ್ನೂ ಹೇಳಿದೆ.

ಅವನು ಮೇಜಿನ ಮೇಲಿನ ಕಾಗದವನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, "ಅವತ್ತು ನೀವು ಚಪ್ಲಿ ಬಿಟ್ಟಿದ್ರಂತಲ್ಲಮ್ಮಾ. ಮಾರಣ್ಣ ಹೇಳ್ದ" ಎಂದ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೂ ಬಾಯಿ ಇದೆ, ನಿಯಮ ಗಿಯಮ ಎಂದು ಎರಡು ಮಾತು ತಿರುಗಿ ಹೇಳುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇಷ್ಟು ಓದಿದವಳು ಹೀಗೇಕೆ ಮಾಡಿದಳೆಂದು ನಿಜವಾಗಿ ತಿಳಿಯದೆ ನಿಂತಿದ್ದ. ನನಗೂ ತಿಳಿದಿರಲಿಲ್ಲ.

ಅಂದೇ ಹೊಸ ವರದಿ ಬರೆದೆ. ಹಿಂದಿನ ವರದಿ ತಪ್ಪು, ಅಲ್ಲಿ ದೇವರ ದನಗಳ ರೊಪ್ಪ ಇತ್ತು, ದನಗಳ ಸಮಾಧಿಗಳಿದ್ದವು, ದಯವಿಟ್ಟು ಕೆಲಸ ನಿಲ್ಲಿಸಿ. ನಾನೇ ಕೈಯಾರೆ ತೆಗೆದುಕೊಂಡು ಹೋಗಿ ಕೊಟ್ಟೆ. ಸಾಹೇಬರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದು, "ಗುತ್ತಿಗೆ ಆಗಿಹೋಗಿದೆಯಮ್ಮ. ಈಗ ಇದನ್ನ ನಾನು ತಗೊಂಡ್ರೆ ಮೊದಲು ಹೋಗೋದು ನಿನ್ನ ಕೆಲಸ. ಆಮೇಲೂ ಗಣಿ ನಿಲ್ಲಲ್ಲ, ಅವರು ಕೋರ್ಟಿಗೆ ಹೋಗ್ತಾರೆ, ನಿನ್ನ ಮೊದಲನೇ ವರದೀನೇ ತೋರಿಸ್ತಾರೆ" ಎಂದರು. ಆದರೂ ತೆಗೆದುಕೊಂಡರು. ಅದು ಎಲ್ಲಿಗೆ ಹೋಯಿತೋ, ಇವತ್ತಿನವರೆಗೆ ಉತ್ತರವಿಲ್ಲ.

ಆಷಾಢದ ಗಾಳಿ ಶುರುವಾಯಿತು. ನಮ್ಮ ಕಡೆ ಆ ಗಾಳಿಗೆ ಮಾತಾಡುವುದೂ ಕಷ್ಟ. ಆ ವರ್ಷ ಗಾಳಿಯಲ್ಲಿ ಗಣಿಯಲ್ಲಿ ಕಲ್ಲು ಪುಡಿ ಮಾಡುವ ಕ್ರಷರಿನ ಧೂಳೂ ಸೇರಿಕೊಂಡಿತು, ಬೀಸಿದ್ದೆಲ್ಲ ಹಟ್ಟಿಯ ಕಡೆಗೇ. ರಸ್ತೆ ಬಂದದ್ದು ಊರಿಗೆ, ಶಾಲೆಗೆ ಕೋಣೆ ಬಂದದ್ದೂ ಊರಿಗೆ. ಹಟ್ಟಿ ಬೇರೆ ಪಂಚಾಯಿತಿ, ಆ ನಿಧಿ ಅಲ್ಲಿಗೆ ಬರುವುದಿಲ್ಲ ಎಂದು ನಿಯಮ. ಹಳ್ಳದ ಈಚೆಗೆ ಡಾಂಬರು, ಆಚೆಗೆ ಧೂಳು. ನೂರು ವರ್ಷ ಒಟ್ಟಿಗಿದ್ದ ಜನ ಒಬ್ಬರ ಮುಖ ಒಬ್ಬರು ನೋಡದೆ ಓಡಾಡತೊಡಗಿದರು.

ರೊಪ್ಪವಿಲ್ಲದ ಹಿಂಡು ಕ್ರಷರ್ ರಸ್ತೆಯ ಮೇಲೆಯೇ ಬಂದು ಮಲಗುತ್ತಿತ್ತು. ತಡೆಯಬೇಕೆಂದು ಪಾಲಯ್ಯ ಹಾಗೆ ಮಾಡಿದನೋ, ದನಗಳೇ ಹಳೆಯ ದಾರಿ ಹಿಡಿದು ಬಂದವೋ ನನಗೆ ಗೊತ್ತಿಲ್ಲ. ಟಿಪ್ಪರ್ ಓಡಿಸುತ್ತಿದ್ದವರು ಊರಿನ ಹುಡುಗರೇ. ಒಂದು ಮಧ್ಯಾಹ್ನ ಒಬ್ಬ ಬಿಡದೆ ಹಾರನ್ ಒತ್ತಿದ, ಬೆದರಿದ ಕರುವೊಂದು ಹಳ್ಳಕ್ಕೆ ಬಿದ್ದು ಕಾಲು ಮುರಿಯಿತು. ಹಟ್ಟಿಯ ಕಡೆಯಿಂದ ಕಲ್ಲು ಬಂದು ಟಿಪ್ಪರಿನ ಗಾಜು ಒಡೆಯಿತು. ಊರಿನವರು ದೊಣ್ಣೆ ಹಿಡಿದು ಹಳ್ಳ ದಾಟಿದರು. ಅಷ್ಟರಲ್ಲಿ ಪೊಲೀಸರು ಬಂದಿದ್ದಕ್ಕೆ ಜೀವ ಹೋಗಲಿಲ್ಲ, ಎರಡೂ ಕಡೆಯವರ ಮೇಲೆ ಕೇಸು ಬಿತ್ತು. ಕರು ಮೂರನೆಯ ದಿನ ಸತ್ತಿತು. ಅದನ್ನು ಎಲ್ಲಿ ಮಣ್ಣು ಮಾಡಬೇಕೆಂದು ಹಟ್ಟಿಯವರಿಗೆ ತಿಳಿಯಲಿಲ್ಲ.

ಶಾಂತಿ ಸಭೆ ಕರೆದರು. ಶಾಲೆಯ ಹೊಸ ಕೋಣೆಯಲ್ಲೇ ಸಭೆ. ಊರಿನವರು ಒಂದು ಕಡೆ, ಹಟ್ಟಿಯವರು ಒಂದು ಕಡೆ, ನಡುವೆ ಮೇಜು ಹಾಕಿಕೊಂಡು ನಾವು. ಎಲ್ಲವೂ ನಿಯಮದ ಪ್ರಕಾರ ಆಗಿದೆ ಎಂದು ಅಧಿಕಾರಿಯೊಬ್ಬರು ಓದಿ ಹೇಳಿದರು. ನಿಜ, ಒಂದು ಅಕ್ಷರವೂ ತಪ್ಪಿರಲಿಲ್ಲ. ತಿಪ್ಪೇಸ್ವಾಮಣ್ಣ ಎದ್ದು ನಿಂತರು.

"ಪಾಲಯ್ಯ, ನಾನು ಕೇಳಿದ್ದು ರಸ್ತೆ ಕಣಪ್ಪ, ಜಗಳ ಅಲ್ಲ. ನನ್ನ ಹೊಲದಾಗೆ ಜಾಗ ಕೊಡ್ತೀನಿ, ರೊಪ್ಪ ಹಾಕ್ಕೊಳ್ಳಿ."

ಪಾಲಯ್ಯ ಕೈಮುಗಿದ. "ನಿಮ್ಮ ಮನಸು ದೊಡ್ಡದು ಸ್ವಾಮಿ. ನಿಮ್ಮ ಹೊಲದಾಗೆ ನಮ್ಮ ಎತ್ತು ಇರಬೋದು. ಅಲ್ಲಿ ಮಣ್ಣಾಗಿರೋವು ಎಲ್ಲಿಗೆ ಬರ್ತಾವೆ?"

"ರೊಪ್ಪ ಬಿಟ್ಟು ಅಳದಾರೆ ಅಂತ ತಿಳ್ಕೊಂಡು ಸೈನ್ ಹಾಕ್ದೆ ಕಣಯ್ಯ. ನಿನ್ನಾಣೆ."

"ಯಾರು ಹೇಳಿದ್ರು ಹಂಗಂತ?" ಎಂದು ಹಟ್ಟಿಯ ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ತಿಪ್ಪೇಸ್ವಾಮಣ್ಣ ನನ್ನ ಕಡೆ ನೋಡಿದರು. ನೋಡಿ, ಮುಖ ತಿರುಗಿಸಿಕೊಂಡರು, ಹೆಸರು ಹೇಳಲಿಲ್ಲ. ಆಗ ನಾನು ಎದ್ದು ನಿಲ್ಲಬೇಕಿತ್ತು. ನಾನು ತಲೆ ತಗ್ಗಿಸಿ ಸಭೆಯ ನಡಾವಳಿ ಬರೆಯುತ್ತಿದ್ದೆ. ಅವರು ಸುಳ್ಳುಗಾರ ಎನಿಸಿಕೊಂಡು ಕೂತರು. ಸಭೆ ಮುಗಿಯಿತು, ಎಲ್ಲರಿಗೂ ಟೀ ಕೊಟ್ಟರು, ಹಟ್ಟಿಯವರು ಕುಡಿಯಲಿಲ್ಲ.

ಸಜ್ಜೆ ಕೊಯ್ಲಿಗೆ ಬಂತು. ನಾನು ಬೆಳೆ ಸಮೀಕ್ಷೆಗೆಂದು ಹೊಲದಲ್ಲಿದ್ದೆ. ತಿಪ್ಪೇಸ್ವಾಮಣ್ಣ ಎಂದಿನಂತೆ ಎತ್ತಿನ ಗಾಡಿಯಲ್ಲಿ ಮೊದಲ ಮೇವು ಹೇರಿಕೊಂಡು ತಾವೇ ಹೊಡೆದುಕೊಂಡು ಹೊರಟರು. ಮನೆಯವರೆಲ್ಲ ಬೇಡವೆಂದರೂ ಕೇಳಲಿಲ್ಲ. ಹಳ್ಳದ ಆಚೆ ದಂಡೆಯಲ್ಲಿ ಪಾಲಯ್ಯ ನಿಂತಿದ್ದ. ಗಾಡಿಯ ಹತ್ತಿರ ಬಂದು ಮೇವಿನ ಒಂದು ಸಿವುಡು ಎಳೆದು ಕೊಡವಿದ, ಗಾಳಿ ತಿರುಗಿದ ಮೇಲೆ ಊರಿನ ಹೊಲಗಳ ಮೇಲೂ ಕೂತಿದ್ದ ಕ್ರಷರಿನ ಬಿಳಿ ಪುಡಿ ಉದುರಿತು. ಅವನ ಕೈ, ತಿಪ್ಪೇಸ್ವಾಮಣ್ಣನ ಬಟ್ಟೆ ಎಲ್ಲ ಬೆಳ್ಳಗಾಯಿತು.

"ತಿನ್ನಂಗಿಲ್ಲ ಸ್ವಾಮಿ. ವಾಪಸ್ ಹೋಗ್ರಿ" ಎಂದ, ಕಠಿಣವಾಗಿ ಅಲ್ಲ.

ತಿಪ್ಪೇಸ್ವಾಮಣ್ಣ ಇಳಿದು, ಎತ್ತುಗಳ ಹಗ್ಗ ಹಿಡಿದು ಗಾಡಿ ತಿರುಗಿಸಿದರು. ಆ ವರ್ಷ ಅವರ ಮನೆಯಲ್ಲಿ ಬಣವೆ ಒಟ್ಟಲಿಲ್ಲ, ಮೇವು ಹೊಲದಲ್ಲೇ ಕೊಳೆಯಿತು.

ದೀಪಾವಳಿ ಕಳೆದ ಮೇಲೆ, ಹಿಂಗಾರಿನ ಸಣ್ಣ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಪಾಲಯ್ಯ ಮತ್ತೆ ನನ್ನ ಕಚೇರಿಗೆ ಬಂದ. ಹಿಂಡನ್ನು ಮೊಳಕಾಲ್ಮೂರಿನ ಆಚೆ ಬಂಧುಗಳ ಹಟ್ಟಿಗೆ ಹೊಡೆದುಕೊಂಡು ಹೋಗುತ್ತೇವೆ, ಮಳೆ ಬಿದ್ದ ಮೇಲೂ ಬರುವುದಿಲ್ಲ ಎಂದ. ಆಮೇಲೆ, "ಅಮ್ಮಾ, ಹೊಸ ರೊಪ್ಪಕ್ಕೆ ಹಳೇ ರೊಪ್ಪದ ಮಣ್ಣು ಒಂದು ಹಿಡಿ ಹಾಕ್ಬೇಕು. ಒಳಗೆ ಬಿಡವಲ್ಲರು. ಅದಕ್ಕೂ ಅರ್ಜಿ ಬರೀಬೇಕಾ?" ಎಂದು ಕೇಳಿದ.

ಅರ್ಜಿ ಬರೆದರೆ ಯಾವ ಕಲಮ್ಮಿನಲ್ಲಿ ಬರೆಯಲಿ? ಅವನ ಜೊತೆ ಗುಡ್ಡಕ್ಕೆ ಹೋದೆ. ಗೇಟಿನ ಕಾವಲುಗಾರ, ಕೇಸಿರುವವರನ್ನು ಬಿಡುವಂತಿಲ್ಲ, ಮೇಡಂ ಒಬ್ಬರೇ ಬೇಕಾದರೆ ಹೋಗಿ ಬರಲಿ ಎಂದ. ಪಾಲಯ್ಯ ಗೇಟಿನ ಹೊರಗೆ ಮಳೆಯಲ್ಲಿ ನಿಂತ. ನಾನು ಒಳಗೆ ಹೋದೆ. ಇಳಿಜಾರು ಇದ್ದ ಕಡೆ ದೊಡ್ಡ ಹೊಂಡ. ರೊಪ್ಪ ಎಲ್ಲಿತ್ತು, ಮರ ಎಲ್ಲಿತ್ತು, ಆ ಮೂಲೆಯ ಕಲ್ಲುಗಳು ಎಲ್ಲಿದ್ದವು, ಒಂದೂ ಗೊತ್ತಾಗಲಿಲ್ಲ. ಎಲ್ಲಿ ಚಪ್ಪಲಿ ಬಿಡಬೇಕೆಂದೇ ತಿಳಿಯದೆ ಹಾಕಿಕೊಂಡೇ ನಡೆದೆ. ಮಣ್ಣು ಹುಡುಕಿದೆ, ಎಲ್ಲ ಕಡೆ ಒದ್ದೆ ಪುಡಿಯೇ. ಕೊನೆಗೆ ಹೊಂಡದ ಅಂಚಿನಿಂದ ಒಂದು ಹಿಡಿ ಬಾಚಿಕೊಂಡು ಬಂದು ಅವನ ಬೊಗಸೆಗೆ ಹಾಕಿದೆ.

ಪಾಲಯ್ಯ ಅದನ್ನು ಮೂಗಿನ ಹತ್ತಿರ ಹಿಡಿದ. "ಇದು ಮಣ್ಣಲ್ಲಮ್ಮಾ. ಕಲ್ಲಿನ ಹಿಟ್ಟು" ಎಂದ.

ಎಸೆಯುತ್ತಾನೆ ಎಂದುಕೊಂಡೆ. ಎಸೆಯಲಿಲ್ಲ. ಟವೆಲ್ಲಿನ ತುದಿಗೆ ಗಂಟು ಕಟ್ಟಿಕೊಂಡು, "ನೀವು ತಂದ್ಕೊಟ್ರಿ, ಆತು" ಎಂದು ಹೊರಟುಹೋದ. ನಾನು ಗೇಟಿನ ಹತ್ತಿರ ನಿಂತು ಅತ್ತೆ. ನನ್ನ ಅಂಗೈಯಲ್ಲಿ ಆ ವಾಸನೆ ಎರಡು ದಿನ ಇತ್ತು. ಮುಂದಿನ ಬೇಸಿಗೆಯಲ್ಲಿ ನನಗೆ ಚಳ್ಳಕೆರೆಗೆ ವರ್ಗವಾಯಿತು.

ಈಗ ಜಲ್ಲಿ ರಾಶಿಯಿಂದ ಅದೇ ವಾಸನೆ ಏಳುತ್ತಿತ್ತು. ಡ್ರೈವರ್ ಚೀಟಿ ಹಿಡಿದು ಇನ್ನೂ ಕಾಯುತ್ತಿದ್ದ. ತಿಪ್ಪೇಸ್ವಾಮಣ್ಣ ಹೇಗಿದ್ದಾರೆ ಎಂದು ಕೇಳಿದೆ. ಯಾರ ಜೊತೆಯೂ ಅಷ್ಟಾಗಿ ಮಾತಾಡುವುದಿಲ್ಲ, ಸಜ್ಜೆ ಬಿತ್ತುವುದನ್ನೇ ಬಿಟ್ಟಿದ್ದಾರೆ ಎಂದ. ಹಟ್ಟಿಯವರು?

"ಅತ್ತಾಗೆ ನಾವು ಹೋಗಲ್ಲ ಮೇಡಂ. ಅವ್ರೂ ಇತ್ತಾಗೆ ಬರಲ್ಲ."

ಈ ಲೋಡು ಬೇಡ, ವಾಪಸ್ ತಗೊಂಡು ಹೋಗು ಎಂದು ಬಾಯಿಗೆ ಬಂತು. ವಾಪಸ್ ಎಂದರೆ ಎಲ್ಲಿಗೆ? ಸುರಿದಾಗಿತ್ತು, ಮೇಸ್ತ್ರಿ ಕೆಲಸದವರನ್ನು ಕರೆಸಿದ್ದ, ಮರುದಿನ ತಳಪಾಯ. ಚೀಟಿ ತೆಗೆದುಕೊಳ್ಳಲು ಎದ್ದು ರಾಶಿಯ ಹತ್ತಿರ ಹೋದೆ. ಡ್ರೈವರ್ ನನ್ನ ಕಾಲಿನ ಕಡೆ ನೋಡಿದ. ನಾನೂ ನೋಡಿಕೊಂಡೆ. ಚಪ್ಪಲಿ ಇಟ್ಟಿಗೆ ರಾಶಿಯ ಪಕ್ಕದಲ್ಲಿದ್ದವು. ಯಾವಾಗ ಬಿಟ್ಟೆನೋ ನನಗೆ ನೆನಪಿಲ್ಲ.

"ಚಪ್ಲಿ ಹಾಕ್ಕೊಳ್ರಿ ಮೇಡಂ" ಎಂದ ಅವನು. "ಕಲ್ಲು ಚುಚ್ತಾವೆ."

ಹಾಕಿಕೊಂಡೆ. ಚೀಟಿಗೆ ಸಹಿ ಮಾಡಿ ಕೊಟ್ಟೆ.